ವಿಲ್ಮಾಳ ಎರಡನೆಯ ಸೀಟು

ವಿಲ್ಮಾ ಟಾರ್ಗರ್ಸನ್ ಒಂದು ಕಡೆ ಕೂತವಳಲ್ಲ. ಫೇರ್‌ಬ್ಯಾಂಕ್ಸಿನ ಶಾಲಾ ಬಸ್ ಡಿಪೋದಲ್ಲಿ ಇಪ್ಪತ್ತಾರು ವರ್ಷದಿಂದ ಅವಳ ಬಸ್ಸು ನಿಲ್ಲುವುದು ನನ್ನ ಬಸ್ಸಿನ ಪಕ್ಕದಲ್ಲೇ. ಮೈನಸ್ ನಲವತ್ತರ ಚಳಿಯಲ್ಲೂ ಎಂಜಿನ್ ಬಿಸಿಯಾಗುವಷ್ಟರಲ್ಲಿ ಬಸ್ಸಿಗೆ ಮೂರು ಸುತ್ತು ಹಾಕಿರುತ್ತಾಳೆ.

ನಮ್ಮೂರಿನಲ್ಲಿ ವಿಮಾನ ಕಂಪನಿಯ ಕ್ರೆಡಿಟ್ ಕಾರ್ಡ್ ಇಲ್ಲದವರನ್ನು ಜನ ವಿಚಿತ್ರವಾಗಿ ನೋಡುತ್ತಾರೆ. ಅಲಾಸ್ಕಾದಿಂದ ಹೊರಗೆ ಹೋಗಬೇಕೆಂದರೆ ಹಾರಲೇಬೇಕಲ್ಲ. ಮನೆ ಬಿಸಿಮಾಡುವ ಎಣ್ಣೆ, ಹಲ್ಲು ಕೀಳಿಸಿದ್ದು, ಚರ್ಚಿನ ಕಾಣಿಕೆ, ಎಲ್ಲವನ್ನೂ ಆ ಕಾರ್ಡಿನಲ್ಲೇ ಉಜ್ಜಿ, ಮುಂದೆ ಪುಕ್ಕಟೆ ಟಿಕೆಟ್ಟಾಗುವ ಮೈಲಿ ಕೂಡಿಹಾಕುವುದೇ ಕೆಲಸ. ಇದರಲ್ಲಿ ವಿಲ್ಮಾ ಎಲ್ಲರಿಗೂ ಗುರು. ಎಂಟು ಜನ ಊಟಕ್ಕೆ ಹೋದರೆ ಬಿಲ್ಲಿಗಿಂತ ಮೊದಲು ಅವಳ ಕಾರ್ಡು ಮೇಜಿನ ಮೇಲೆ. "ನಿಮ್ಮ ನಿಮ್ಮ ಪಾಲಿನ ನಗದು ನನ್ನ ಕೈಗಿಡಿ!" ನನಗೆ ಮೈ ಉರಿಯುತ್ತಿತ್ತು.

ಆ ಕಾರ್ಡಿನವರು ವರ್ಷಕ್ಕೊಂದು ಜೊತೆಗಾರರ ಕೂಪನ್ ಕೊಡುತ್ತಾರೆ. ಒಂದು ಟಿಕೆಟ್ ಕೊಂಡರೆ ಜೊತೆಯಲ್ಲಿ ಬರುವವರಿಗೆ ಎರಡನೆಯದು ತೀರಾ ಅಗ್ಗ. ಪ್ರತಿ ಅಕ್ಟೋಬರಿನಲ್ಲಿ ವಿಲ್ಮಾ ತನಗೂ ಗಂಡ ಗ್ಲೆನ್‌ಗೂ ಹವಾಯಿಗೆ ಎರಡು ಸೀಟು ಕಾಯ್ದಿರಿಸುತ್ತಿದ್ದಳು. ಪ್ರತಿ ಜನವರಿಯಲ್ಲಿ ರದ್ದು ಮಾಡುತ್ತಿದ್ದಳು. "ಗ್ಲೆನ್‌ಗೆ ಈ ಸಲ ಸ್ವಲ್ಪ ಸುಸ್ತು ಕಣೆ." ಗ್ಲೆನ್‌ಗೆ ಪಾರ್ಶ್ವವಾಯು ಬಡಿದು ಆರು ವರ್ಷವಾಗಿತ್ತು. ಆರು ವರ್ಷವೂ ಅದೇ ಮಾತು.

ಕಳೆದ ಸೆಪ್ಟೆಂಬರಿನಲ್ಲಿ ಅವಳ ಬ್ಯಾಂಕಿನಿಂದ ಕಾಗದ ಬಂತು. ಬೇರೊಂದು ಕಾರ್ಡು. ವಾರ್ಷಿಕ ಶುಲ್ಕವಿಲ್ಲ, ದಿನಸಿಗೂ ಪೆಟ್ರೋಲಿಗೂ ಖರ್ಚು ಮಾಡಿದ್ದರಲ್ಲಿ ಸ್ವಲ್ಪ ವಾಪಸು. ವಿಮಾನದ ಕಾರ್ಡಿನ ಶುಲ್ಕ ಕಟ್ಟಲು ಅಕ್ಟೋಬರ್ ಹತ್ತು ಕೊನೆಯ ದಿನ. ಅಷ್ಟರೊಳಗೆ ಇದೋ ಅದೋ ತೀರ್ಮಾನವಾಗಬೇಕು.

"ಅದ್ರಲ್ಲಿ ಯೋಚ್ನೆ ಮಾಡೋಕೆ ಏನಿದೆ?" ಎಂದೆ ನಾನು. "ನೀನು ಹಾರೋದಿಲ್ಲ, ತಿಂತೀಯ. ದಿನಸಿ ಕಾರ್ಡ್ ತಗೋ."

"ಬಾಯ್ಮುಚ್ಚೆ ರೋಸ್."

"ಹಂಗಾದ್ರೆ ಎರಡೂ ಇಟ್ಕೋ."

"ಎರಡಕ್ಕೂ ಹಂಚಿದ್ರೆ ಆಕಡೆ ಮೈಲೀನೂ ಇಲ್ಲ, ಈಕಡೆ ದುಡ್ಡೂ ಇಲ್ಲ. ಅಷ್ಟೂ ಗೊತ್ತಾಗಲ್ವಾ ನಿಂಗೆ?"

ಆ ಕಾಗದ ಮೂರು ವಾರ ಅವಳ ಕೋಟಿನ ಜೇಬಿನಲ್ಲೇ ಇತ್ತು. ಡಿಪೋದಲ್ಲಿ ಸಿಕ್ಕಸಿಕ್ಕವರನ್ನೆಲ್ಲ ಕೇಳಿದಳು, ಯಾರ ಮಾತನ್ನೂ ಕೇಳಲಿಲ್ಲ. ಒಂದು ಮಧ್ಯಾಹ್ನ ಖಾಲಿ ಬಸ್ಸನ್ನು ಡಿಪೋಗೆ ತರುವ ಬದಲು ವಿಮಾನ ನಿಲ್ದಾಣದ ದಾರಿಗೆ ತಿರುಗಿಸಿಬಿಟ್ಟಳು. ವಾಪಸು ಬಂದವಳನ್ನು ಗೇಲಿ ಮಾಡಲು ಹೋದೆ. ಅವಳು ಸ್ಟೇರಿಂಗ್ ಬಿಟ್ಟಿರಲಿಲ್ಲ.

"ಆ ಕಾರ್ಡ್ ಬಿಟ್ರೆ, ಗ್ಲೆನ್ ಇನ್ನೆಲ್ಲಿಗೂ ಬರಲ್ಲ ಅಂತ ನಾನೇ ಬರ್ಕೊಟ್ಟ ಹಂಗೆ ಅಲ್ವೇನೆ?"

ಮೂರು ವಾರ ನಾನಾಡಿದ ಮಾತೆಲ್ಲ ನೆನಪಾಗಿ ನಾಚಿಕೆಯಾಯಿತು.

ಹತ್ತನೇ ತಾರೀಕು ಅವಳು ನನ್ನನ್ನು ಮನೆಗೆ ಕರೆಸಿಕೊಂಡಳು. ಗ್ಲೆನ್ ಕಿಟಕಿಯ ಬಳಿ ಕುರ್ಚಿಯಲ್ಲಿದ್ದ. ವಿಲ್ಮಾ ಸ್ಪೀಕರ್ ಹಾಕಿದ ಫೋನ್ ಹಿಡಿದು ಅಡುಗೆಮನೆಗೂ ಬಾಗಿಲಿಗೂ ಓಡಾಡುತ್ತಲೇ ಕಾರ್ಡ್ ಕಂಪನಿಯ ಹುಡುಗಿಯೊಂದಿಗೆ ಮಾತಾಡಿದಳು.

"ಕಾರ್ಡ್ ಯಾಕೆ ಮುಚ್ಚಿಸ್ತಿದೀರ ಮೇಡಂ?"

"ಶುಲ್ಕ ಜಾಸ್ತಿ."

"ಈ ವರ್ಷದ ಶುಲ್ಕ ಮನ್ನಾ ಮಾಡ್ತೀವಿ ಮೇಡಂ."

ವಿಲ್ಮಾ ನಿಂತುಬಿಟ್ಟಳು. ಇನ್ನೊಂದು ವರ್ಷ ಮುಂದೂಡಲು ಇಷ್ಟು ಸಾಕಿತ್ತು.

"ಹೇಳು ವಿಲ್," ಎಂದ ಗ್ಲೆನ್. ಅವನ ಮಾತು ಈಗ ನಿಧಾನ. "ಗಂಡನಿಗೆ... ಆಗಲ್ಲ ಅಂತ ಹೇಳು."

"ನೀನು ಸುಮ್ನಿರು!"

"ಆರು ವರ್ಷ ಸುಮ್ನಿದ್ದೆ. ಪ್ರತಿ ಜನವರಿ ನೀನು ರದ್ದು ಮಾಡೋವಾಗ... ತಪ್ಪು ಮಾಡ್ದೋನ ಥರ ಇಲ್ಲಿ ಕೂತಿರ್ತೀನಿ."

ಅದು ಅವಳಿಗೆ ಹೊಳೆದೇ ಇರಲಿಲ್ಲ. ನನಗೂ ಹೊಳೆದಿರಲಿಲ್ಲ. ಅವನ ಆಸೆ ಉಳಿಸುತ್ತಿದ್ದೇನೆ ಎಂದುಕೊಂಡೇ ಅವಳು ವರ್ಷವರ್ಷವೂ ಅವನನ್ನು ಹಿಂಡಿದ್ದಳು.

"ನನ್ನ ಗಂಡ ಇನ್ನು ಪ್ರಯಾಣ ಮಾಡಲ್ಲ," ಎಂದಳು ಫೋನಿಗೆ. "ಮುಚ್ಚಿಬಿಡಿ." ಕೂಡಿಟ್ಟ ಮೈಲಿಗಳು ಎಲ್ಲಿಗೂ ಹೋಗುವುದಿಲ್ಲ ಎಂದು ಹುಡುಗಿ ಹೇಳುತ್ತಿದ್ದಳು. ವಿಲ್ಮಾ ನೆಲದ ಮೇಲೆ ಕೂತು ಅಳುತ್ತಿದ್ದಳು.

ಜನವರಿಯಲ್ಲಿ ಆ ಮೈಲಿಗಳ ಮೇಲೆ ಅವಳನ್ನು ಹವಾಯಿಗೆ ಹೊರಡಿಸಿದವನು ಗ್ಲೆನ್. ಆ ವಾರ ಅವನ ಜೊತೆಗಿದ್ದವಳು ನಾನು. ಮೂರನೇ ದಿನ ಅವಳ ಫೋನ್ ಬಂತು.

"ವಿಪರೀತ ಬಿಸಿಲು. ಊಟಾನೂ ರುಚಿಯಿಲ್ಲ. ನಾಳೇನೇ ಬಂದ್ಬಿಡ್ಲಾ?"

"ಸುಳ್ಳು ಹೇಳ್ಬೇಡ ವಿಲ್," ಎಂದ ಗ್ಲೆನ್. "ನಂಗೇನೂ ಬೇಜಾರಿಲ್ಲ. ಹೇಗಿದೆ ಹೇಳು."

ಫೋನಿನಲ್ಲಿ ಅಲೆಯ ಸದ್ದು ಕೇಳುತ್ತಿತ್ತು.

"ತುಂಬಾ ಚೆನ್ನಾಗಿದೆ ಗ್ಲೆನ್," ಎಂದಳು.