ಬಂದರು ಕಾಲೇಜಿನ ಕೆಂಪಂಗಿ

ನಮ್ಮ ಮನೆಯಲ್ಲಿ ಇಪ್ಪತ್ತೆರಡು ವರ್ಷ ಶತ್ರುಗಳ ಬಟ್ಟೆ ಒಗೆದಿದ್ದೇವೆ. ಹೊಸಬರ ಮುಂದೆ ಇದನ್ನು ಹೇಳಿದರೆ ನಾನೇನೋ ಮಹಾ ಸಾಧು ಎಂದುಕೊಂಡಾರು. ಹಾಗೇನೂ ಇಲ್ಲ, ಸೋತದ್ದಕ್ಕೆ ಒಗೆದದ್ದು. ಒಗೆದವಳು ಹೆಂಡತಿ ಶಶಿಕಲಾ, ಹಿಂಡಿದವನು ನಾನು, ಒಣಗಿದ್ದು ಹಮ್ರಿಯಾದ ನಮ್ಮ ಹಳೇ ಕಟ್ಟಡದ ತಾರಸಿಯಲ್ಲಿ. ಮಸ್ಕತ್ತಿನ ಬಿಸಿಲಿಗೆ ಯಾರು ಎಷ್ಟು ಬೇಕಾದರೂ ಬೈಯಲಿ, ಬಟ್ಟೆ ಒಣಗಿಸುವ ವಿಷಯದಲ್ಲಿ ಅದರಷ್ಟು ನಂಬಿಗಸ್ತ ಇನ್ನೊಬ್ಬನಿಲ್ಲ.

ಕತೆ ಶುರುವಾದದ್ದು ಊರಲ್ಲಿ. ನಮ್ಮದು ಎರಡು ಕಾಲೇಜುಗಳ ಕರಾವಳಿ ಪೇಟೆ. ಒಂದು ಮುರಕಲ್ಲಿನ ಗುಡ್ಡೆಯ ಮೇಲೆ, ಅದು ನಮ್ಮದು. ಇನ್ನೊಂದು ಕೆಳಗೆ ಬಂದರಿನ ಪಕ್ಕ. ವರ್ಷಕ್ಕೊಮ್ಮೆ ಎರಡಕ್ಕೂ ಫುಟ್ಬಾಲ್. ಅವರದು ಕೆಂಪು ಅಂಗಿ, ನಮ್ಮದು ಹಸಿರು. ನಾನು ಓದಿದ ಮೂರು ವರ್ಷವೂ ನಾವು ಸೋತೆವು, ನನಗಿಂತ ಮೊದಲಿನವರೂ ಸೋತಿದ್ದರು. ಅವರು ನಮ್ಮ ಪರಮ ಶತ್ರುಗಳು ಎಂದು ನಾವು ಹಲ್ಲು ಕಡಿಯುತ್ತಿದ್ದೆವು. ಅವರಿಗೆ ನಾವು ಬರೇ ಒಂದು ಶನಿವಾರದ ಕೆಲಸ. ಹೊಟ್ಟೆ ಉರಿಯುತ್ತಿದ್ದದ್ದು ಸೋಲಿಗಲ್ಲ, ಆ ಉದಾಸೀನಕ್ಕೆ.

ಅಂಗಿ ಒಗೆಯುವ ಪದ್ಧತಿ ಒಂದು ಹೊಡೆದಾಟದಿಂದ ಹುಟ್ಟಿದ್ದಂತೆ. ನಾವು ಸೇರುವ ಮೊದಲೇ ಯಾವುದೋ ವರ್ಷ ಮ್ಯಾಚು ಮುಗಿದ ಮೇಲೆ ಕಲ್ಲು ತೂರಾಟವಾಗಿ, ಎರಡೂ ಕಾಲೇಜಿನ ಪಿ.ಟಿ. ಮಾಸ್ತರರು ಕೂತು ತೀರ್ಮಾನ ಮಾಡಿದರು: ಸೋತವರು ಗೆದ್ದವರ ಅಂಗಿಗಳನ್ನು ಕೈಯಾರೆ ಒಗೆದು, ಮಡಚಿ, ಕೈಕುಲುಕಿ ಕೊಡಬೇಕು. ಬೆವರು ತೊಳೆದವನಿಗೆ ಹೊಡೆಯುವ ಮನಸ್ಸು ಬರುವುದಿಲ್ಲ ಎಂಬ ಲೆಕ್ಕಾಚಾರ. ನಮ್ಮ ಮಾಸ್ತರರು ಇದನ್ನು ಪ್ರತೀ ವರ್ಷ ಎರಡೂ ತಂಡದ ಮುಂದೆ ಹೇಳುತ್ತಿದ್ದರು: "ಒಗೆದ ಅಂಗಿ ಅವರ ಕೈಗೆ ಸೇರುವ ತನಕ ಆಟ ಮುಗಿದ ಹಾಗಲ್ಲ, ಗೊತ್ತುಂಟಲ್ಲ?" ಗೊತ್ತಿಲ್ಲದೆ ಏನು, ಹಾಸ್ಟೆಲಿನ ಬಾವಿಕಟ್ಟೆಯಲ್ಲಿ ಸೊಂಟ ಮುರಿಯುವಷ್ಟು ಗೊತ್ತಿತ್ತು.

ನಾನು ಗೋಲ್‌ಕೀಪರ್. ಓಡಲು ಬಾರದವನನ್ನು ಗೋಲಿಗೆ ನಿಲ್ಲಿಸುವುದು ನಮ್ಮ ಕಡೆಯ ಸಂಪ್ರದಾಯ. ಜೊತೆಗೆ ನನಗೊಂದು ಜನ್ಮಜಾತ ದೋಷ. ಚೆಂಡು ಯಾವ ಕಡೆಯಿಂದಾದರೂ ಬರಲಿ, ನನ್ನ ಮೈ ಬಲಕ್ಕೇ ಬೀಳುತ್ತದೆ. ಇದನ್ನು ಮೊದಲು ಕಂಡುಹಿಡಿದವನು ಬಂದರು ಕಾಲೇಜಿನ ಒಂಬತ್ತನೇ ನಂಬರಿನ ಲ್ಯಾನ್ಸಿ. ಅವನು ಪ್ರತೀ ಸಲ ನನ್ನ ಎಡಕ್ಕೇ ಹೊಡೆದ, ಪ್ರತೀ ಸಲ ನಾನು ಬಲಕ್ಕೇ ಬಿದ್ದೆ. ನನಗೆ 'ಹೆಬ್ಬಾಗಿಲು' ಎಂದು ಹೆಸರಿಟ್ಟವನೂ ಅವನೇ. ಯಾವಾಗಲೂ ತೆರೆದೇ ಇರುತ್ತದೆ ಎಂದು.

ಮಸ್ಕತ್ತಿಗೆ ಬಂದು ವಾರವಾಗಿರಲಿಲ್ಲ, ರೆಸಿಡೆನ್ಸ್ ಕಾರ್ಡಿನ ಮೆಡಿಕಲ್ಲಿಗೆ ಸಾಲಿನಲ್ಲಿ ನಿಂತಿದ್ದೆ. ಊರಿಲ್ಲ, ಪರಿಚಯವಿಲ್ಲ. ಹಿಂದಿನಿಂದ ಒಬ್ಬ ಕೂಗಿದ: "ಏ ಹೆಬ್ಬಾಗಿಲೂ! ಇಲ್ಲಿಯೂ ಬಂದೆಯಾ ಮಾರಾಯ?" ತಿರುಗಿದರೆ ಲ್ಯಾನ್ಸಿ. ಆ ಅಡ್ಡಹೆಸರು ಕೇಳಿ ಅಷ್ಟು ಸಂತೋಷವಾದದ್ದು ಬದುಕಿನಲ್ಲಿ ಅದೊಂದೇ ಸಲ. ಕಣ್ಣು ತುಂಬಿತು ಅಂದರೆ ಸುಳ್ಳಲ್ಲ.

ಅಲ್ಲಿಂದ ಮತ್ತೆ ಹಳೇ ವೈರ ಶುರು. ಆಗ ಮಸ್ಕತ್ತಿನಲ್ಲಿ ಬಂದರು ಕಾಲೇಜಿನವರು ಎಷ್ಟು ಜನ ಇದ್ದರೆಂದರೆ, ಹನ್ನೊಂದು ಜನರನ್ನು ಆರಿಸುವಾಗ ಅವರೊಳಗೇ ಜಗಳವಾಗುತ್ತಿತ್ತು. ನಮಗೆ ಲೆಕ್ಕ ತುಂಬಿಸಲು ಒಬ್ಬನ ಭಾವನನ್ನೂ ಸೇರಿಸಬೇಕಾಯಿತು. ಆ ಭಾವ ಯಾವ ಕಾಲೇಜಿನ ಮೆಟ್ಟಿಲನ್ನೂ ಹತ್ತಿದವನಲ್ಲ. ಚಳಿಗಾಲದ ಒಂದು ಶುಕ್ರವಾರ ಬೆಳಿಗ್ಗೆ ದಾರ್ಸೈಟಿನ ಗುಡ್ಡದ ಬುಡದ ಜಲ್ಲಿ ಮೈದಾನ, ಗೋಲಿಗೆ ಎರಡು ಕಲ್ಲು. ಯಲ್ಲಾ ಎಂದು ಶುರು ಮಾಡಿದರೆ ಆರು ಗೋಲಿಗೆ ಸೋತೆವು. ಹನ್ನೊಂದು ಕೆಂಪಂಗಿಗಳ ಗಂಟು ಹೊತ್ತು ಮನೆಗೆ ಬಂದೆ. ಮದುವೆಯಾಗಿ ವರ್ಷವೂ ತುಂಬದ ಶಶಿಕಲಾ ಗಂಟನ್ನು ನೋಡಿ, "ಇದೆಂತ, ಲಾಂಡ್ರಿ ಕೆಲಸವಾ ನಿಮಗೆ ಇಲ್ಲಿ?" ಎಂದಳು. ಅವಳ ಅಪ್ಪನಿಗೆ ನಾನು ಕ್ಲಿಯರಿಂಗ್ ಆಫೀಸಿನಲ್ಲಿ ಕೆಲಸ ಎಂದು ಹೇಳಿದ್ದೆ. ಅವಳು ನನ್ನ ಬಿಳಿ ಅಂಗಿಗಳನ್ನೂ ಅದೇ ಬಕೆಟಿಗೆ ಹಾಕಿದಳು. ಬಂದರು ಕಾಲೇಜಿನ ಬಣ್ಣ ಸೋಲಲಿಲ್ಲ. ಒಂದು ತಿಂಗಳು ನಾನು ನಸುಗೆಂಪು ಅಂಗಿಯಲ್ಲೇ ಆಫೀಸಿಗೆ ಹೋದೆ. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುತ್ತಾರೆ, ನನಗೆ ಬೆನ್ನಿನ ತನಕ ಮಣ್ಣಾಗಿತ್ತು.

ನಾವು ಆಡುವ ಮೈದಾನದ ಮೇಲೆ ಗುಡ್ಡದ ತುದಿಯಲ್ಲಿ ಹಳೆಯ ಕಾಲದ ಒಂದು ಕಾವಲು ಗೋಪುರ ಉಂಟು. ಒಮಾನಿನಲ್ಲಿ ಕಣ್ಣೆತ್ತಿದಲ್ಲೆಲ್ಲ ಇಂಥವು. ಕಡಲಿನಿಂದ ಯಾರೋ ಬಂದಾರು, ಆ ಕಣಿವೆಯಿಂದ ಇನ್ಯಾರೋ ನುಗ್ಗಿಯಾರು ಎಂದು ಹೆದರಿ ಕಟ್ಟಿದವು. ಬರಬೇಕಾದವರ ವಂಶವೇ ಮುಗಿದಿರಬಹುದು, ಗೋಪುರ ಮಾತ್ರ ಇನ್ನೂ ಅದೇ ದಿಕ್ಕಿಗೆ ಮುಖ ಮಾಡಿ ನಿಂತಿದೆ. ಗೋಲಿನಲ್ಲಿ ನಿಂತವನಿಗೆ ಯೋಚನೆಗೆ ಸಮಯ ಬಹಳ. ಹಿಂದೆಲ್ಲ ನಾನು ಅದನ್ನು ನೋಡಿ ಎಷ್ಟು ಗಟ್ಟಿ ಕಟ್ಟಿದ್ದಾರಪ್ಪ ಎಂದುಕೊಳ್ಳುತ್ತಿದ್ದೆ. ಈಗೀಗ ಪಾಪ ಅನ್ನಿಸುತ್ತದೆ.

ಬಂದರು ಕಾಲೇಜು ಇಳಿಮುಖವಾಗುತ್ತಿದೆ ಎಂದು ಮೊದಲು ಗುರುತಿಸಿದವಳು ಶಶಿಕಲಾ. ಅವಳು ಒಂದು ಮ್ಯಾಚನ್ನೂ ನೋಡಿದವಳಲ್ಲ. ಆದರೆ ಹಗ್ಗದ ಮೇಲಿನ ಅಂಗಿಗಳು ಅವಳಿಗೆ ನಂಬರು ಸಮೇತ ಬಾಯಿಪಾಠ. "ಈ ಸಲ ಒಂಬತ್ತೇ ಉಂಟಲ್ಲ?" ಎಂದಳು ಒಂದು ವರ್ಷ. ಇಬ್ಬರ ಕೆಲಸ ಹೋಗಿ ಊರಿಗೆ ಮರಳಿದ್ದರು. ನಾವೂ ಇಬ್ಬರನ್ನು ಕೂರಿಸಿ ಒಂಬತ್ತು-ಒಂಬತ್ತು ಆಡಿದೆವು, ಆದರೂ ಸೋತೆವು. ಮುಂದೆ ಸಹಮ್‌ನಿಂದ ಎರಡು ಗಂಟೆ ಕಾರೋಡಿಸಿ, ಡಿಕ್ಕಿಯಲ್ಲಿ ಎಲ್ಲರಿಗೂ ಲಿಂಬೆಹಣ್ಣು ತುಂಬಿಸಿ ತರುತ್ತಿದ್ದ ಅವರ ಹಾಫ್‌ಬ್ಯಾಕಿಗೆ ಕಂಪೆನಿ ಖಲಾಸ್ ಎಂದಿತು. ಎಂಟಾಯಿತು. ಮತ್ತೊಂದು ವರ್ಷ ಅವಳು ಬಕೆಟಿನೊಳಗೆ ಕೈಯಾಡಿಸಿ, "ನಾಲ್ಕನೇ ನಂಬರಿನದ್ದು ಎಲ್ಲಿ?" ಎಂದು ಕೇಳಿದಳು. ಆ ಬೇಸಿಗೆಯಲ್ಲಿ ನಾಲ್ಕನೇ ನಂಬರಿನವನ ಹೃದಯ ನಿಂತಿತ್ತು. ಅವಳಿಗೆ ಹೇಳಿರಲಿಲ್ಲ, ಹೇಳಿದೆ. ಅವನ ಮುಖವನ್ನೂ ಕಾಣದವಳು ಬಕೆಟಿನಿಂದ ಕೈ ತೆಗೆದಳು. "ಅದರ ಹೆಗಲಿನ ಹೊಲಿಗೆ ಬಿಟ್ಟಿತ್ತು, ನಾನೇ ಹಾಕಿಕೊಟ್ಟದ್ದು" ಎಂದಳು. ಆ ದಿನ ಉಳಿದ ಅಂಗಿಗಳನ್ನು ನಾನೊಬ್ಬನೇ ಒಗೆದೆ.

ಹಾಗೆಂದು ನಮ್ಮಲ್ಲಿ ಯಾರೂ ಊರಿಗೆ ಹೋಗಲಿಲ್ಲವೇ? ಹೋದರು. ಆದರೆ ಒಬ್ಬ ಹೋದರೆ ಗುಡ್ಡೆ ಕಾಲೇಜಿನಿಂದ ಹೊಸಬ ಬರುತ್ತಿದ್ದ. ಬಂದರು ಕಾಲೇಜಿನಿಂದ ಯಾರೂ ಬರಲಿಲ್ಲ. ಆ ಕಾಲೇಜು ಫುಟ್ಬಾಲನ್ನೇ ಬಿಟ್ಟಿತು, ಮೈದಾನದಲ್ಲಿ ನಾಲ್ಕು ಮಾಳಿಗೆಯ ಹೊಸ ಕಟ್ಟಡ ಎದ್ದಿತು. ರಜೆಯಲ್ಲಿ ಹೋದಾಗ ನೋಡಲು ಹೋಗಿದ್ದೆ. ನಾನು ಮೂರು ವರ್ಷ ಬಲಕ್ಕೆ ಬಿದ್ದ ಜಾಗದಲ್ಲಿ ಬೈಕುಗಳು ಸಾಲಾಗಿ ನಿಂತಿದ್ದವು. ಎಷ್ಟು ಶಪಿಸಿದ್ದೆ ಆ ಮೈದಾನವನ್ನು! ಹಾಳಾಗಿ ಹೋಗಲಿ ಎಂದದ್ದು ನಿಜ, ಆದರೆ ಇಷ್ಟು ಸರಿಯಾಗಿ ಹಾಳಾಗಲಿ ಎಂದಿರಲಿಲ್ಲ. ನಮ್ಮ ಬಾಯಿಗೆ ಅಷ್ಟು ಶಕ್ತಿ ಉಂಟೆಂದು ಗೊತ್ತಿದ್ದರೆ ಬಾಯಿ ಮುಚ್ಚಿಕೊಳ್ಳುತ್ತಿದ್ದೆ.

ಯಕ್ಷಗಾನ ನೋಡಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆಟಕ್ಕೆ ಹೋಗುವುದು ದೇವರ ವೇಷ ನೋಡಲು ಎಂದು ಅಮ್ಮಂದಿರ ಹತ್ತಿರ ಹೇಳುತ್ತೇವೆ. ಕಾಯುವುದು ರಾಕ್ಷಸನಿಗೆ. ಚೌಕಿಯಲ್ಲಿ ಅತಿ ಹೆಚ್ಚು ಹೊತ್ತು ಬಣ್ಣ ಹಚ್ಚಿಸಿಕೊಳ್ಳುವವನು ಅವನೇ. ಆ ಬಣ್ಣದ ವೇಷ ಸಪ್ಪೆಯಾದ ದಿನ ದೇವರೂ ಸಪ್ಪೆ. ಎದುರು ಯಾರೂ ಇಲ್ಲದೆ ಕುಣಿದರೆ ಬರೇ ಕೈಕಾಲು ಆಡಿಸಿದ ಹಾಗೆ. ಬಂದರು ಕಾಲೇಜಿನವರು ನಮ್ಮನ್ನು ಸೋಲಿಸಿ ಸೋಲಿಸಿ ನಮಗೊಂದು ಆಕಾರ ಕೊಟ್ಟಿದ್ದರು. ಅದು ಅರ್ಥವಾಗಲು ನನಗೆ ಇಷ್ಟು ವರ್ಷ ಬೇಕಾಯಿತು, ಕೆಟ್ಟ ಮೇಲೆ ಬುದ್ಧಿ ಬಂತು.

ಕಳೆದ ಚಳಿಗಾಲಕ್ಕೆ ಅವರಲ್ಲಿ ಉಳಿದದ್ದು ಲ್ಯಾನ್ಸಿ ಒಬ್ಬನೇ. ನಮ್ಮ ಹುಡುಗರು ವಾಟ್ಸ್ಯಾಪಿನಲ್ಲಿ ವಾಕೋವರ್ ಎಂದು ಬರೆದು ಕಪ್ಪಿನ ಚಿತ್ರ ಹಾಕಿದರು. ಮಗನೂ "ಡ್ಯಾಡ್, ಜಸ್ಟ್ ಟೇಕ್ ಇಟ್, ನಾ" ಎಂದ. ನನಗೆ ಕೋಪ ನೆತ್ತಿಗೇರಿತು. ಬೆವರಿಲ್ಲದ ಗೆಲುವಿನಲ್ಲಿ ಒಗೆಯಲು ಎಂಥದ್ದುಂಟು? ಲ್ಯಾನ್ಸಿಗೆ ಫೋನ್ ಮಾಡಿದೆ. ಅವನ ವೀಸಾ ರದ್ದಾಗಿತ್ತು, ಭಾನುವಾರ ವಿಮಾನ, ಪೂರಾ ಊರಿಗೆ. ಎಂದಿನ ಗತ್ತಿನಲ್ಲೇ ಹೇಳಿದ: "ನಾನೊಬ್ಬನೇ ಆದರೆ ಎಂತಾಯಿತು? ಶುಕ್ರವಾರ ಬಾ. ಐದು ಪೆನಾಲ್ಟಿ. ಮೂರು ಹಾಕಿದರೆ ಬಂದರು ಗೆದ್ದ ಹಾಗೆ, ಇಲ್ಲದಿದ್ದರೆ ಗುಡ್ಡೆ."

ನಾಚಿಕೆ ಬಿಟ್ಟು ಹೇಳುತ್ತೇನೆ, ಐವತ್ತು ದಾಟಿದ ನಾನು ಆ ಮೂರು ದಿನ ಹಾಲ್‌ನಲ್ಲಿ ಹಾಸಿಗೆ ಹಾಸಿ ಎಡಕ್ಕೆ ಬೀಳುವುದನ್ನು ಅಭ್ಯಾಸ ಮಾಡಿದೆ. ಕೊನೆಯ ಸಲವಾದರೂ ಅವನನ್ನು ತಡೆಯಬೇಕೆಂದು ಆಸೆ. ಕೆಳಗಿನ ಫ್ಲ್ಯಾಟಿನವರು ಬಂದು ವಿಚಾರಿಸಿದರು.

ಶುಕ್ರವಾರ ಬೆಳಿಗ್ಗೆ ಮೈದಾನದಲ್ಲಿ ಅವನು, ನಾನು, ಒಂದು ಚೆಂಡು. ಪ್ರತೀ ವರ್ಷ ಪಿಕಪ್ ನಿಲ್ಲಿಸಿ ನಮ್ಮ ಆಟ ನೋಡುವ ಒಮಾನಿ ಅಜ್ಜರೊಬ್ಬರಿದ್ದಾರೆ. ಅವರು ಗಾಜು ಇಳಿಸಿ "ವೇನ್ ಅಹ್ಮರ್?" ಎಂದು ಕೇಳಿದರು, ಕೆಂಪಿನವರೆಲ್ಲ ಎಲ್ಲಿ ಎಂದು. ಲ್ಯಾನ್ಸಿ ತನ್ನ ಎದೆ ಮುಟ್ಟಿ ತೋರಿಸಿದ. ಅಜ್ಜ ಸ್ವಲ್ಪ ಹೊತ್ತು ಅವನನ್ನೇ ನೋಡಿ, ಇಂಜಿನ್ ಆರಿಸಿ ಕೂತರು.

ಮೊದಲ ಎರಡು ಹೊಡೆತ ಎಂದಿನಂತೆ ನನ್ನ ಎಡಕ್ಕೆ. ಅಭ್ಯಾಸವೆಲ್ಲ ಮರೆತು ಎಂದಿನಂತೆ ನಾನು ಬಲಕ್ಕೆ ಬಿದ್ದೆ. ಎರಡು ಗೋಲು. ಮೂರನೆಯದು ಕಲ್ಲಿನ ಹೊರಗೆ ಹೋಯಿತು. ನಾಲ್ಕನೆಯದಕ್ಕೆ ಅವನ ಮೊಣಕಾಲು ಕೈಕೊಟ್ಟು ಚೆಂಡು ಅರ್ಧದಲ್ಲೇ ನಿಂತಿತು, ಅವನು ನೆಲಕ್ಕೆ ಕೂತುಬಿಟ್ಟ. ಹತ್ತಿರ ಹೋದೆ. "ಹೋಗು, ಗೋಲಿಗೆ ಹೋಗು ನೀನು" ಎಂದು ಬೈದ. ಕುಂಟುತ್ತಾ ಎದ್ದು ಚೆಂಡಿಟ್ಟ. ಆ ಕೆಂಪಂಗಿಯ ಕಾಲರು ಎಲ್ಲಿ ಸವೆದಿದೆ ಎಂದು ನನಗೆ ಗೊತ್ತಿತ್ತು, ಎಷ್ಟು ಸಲ ಹಿಂಡಿದ್ದೇನೆ. ಈಗ ನನ್ನ ಕಾಲು ಎಡಕ್ಕೆ ಹಾರಲು ಸಿದ್ಧವಾಗಿಯೇ ಇತ್ತು, ಹಾರಿದರೆ ಹಿಡಿದೇನು ಅನ್ನಿಸಿತು. ಬೇಡ, ಇವನು ಗೆದ್ದೇ ಹೋಗಲಿ ಎಂದುಕೊಂಡೆ. ಬದುಕಿನಲ್ಲಿ ಮೊದಲ ಸಲ ಬೇಕೆಂದೇ ಬಲಕ್ಕೆ ಬಿದ್ದೆ.

ಚೆಂಡು ನೇರ ನನ್ನ ಕೈಗೆ ಬಂದು ಕೂತಿತು.

ಮೂವತ್ತು ವರ್ಷದಲ್ಲಿ ಒಂದೇ ಒಂದು ಸಲವೂ ನನ್ನ ಬಲಕ್ಕೆ ಹೊಡೆಯದವನು, ನಾನು ಅಲ್ಲೇ ಬೀಳುತ್ತೇನೆಂದು ನನಗಿಂತ ಚೆನ್ನಾಗಿ ಬಲ್ಲವನು, ಅಲ್ಲಿಗೇ ಹೊಡೆದಿದ್ದ. ಮೊಣಕಾಲಿನ ತಪ್ಪಲ್ಲ ಅದು. ನಾನು ಜಲ್ಲಿಯ ಮೇಲೆ ಚೆಂಡು ತಬ್ಬಿಕೊಂಡು ಬಿದ್ದಿದ್ದೆ, ಏಳಲು ಮನಸ್ಸಾಗಲಿಲ್ಲ. ಅವನು ಸೊಂಟಕ್ಕೆ ಕೈಯಿಟ್ಟು, "ಕೊನೆಗೂ ಹೆಬ್ಬಾಗಿಲು ಮುಚ್ಚಿತಲ್ಲ ಮಾರಾಯ!" ಎಂದು ನಕ್ಕ. ಅವನು ಏನು ಮಾಡಿದ ಎಂದು ನಾನು ಕೇಳಲಿಲ್ಲ. ನಾನು ಏನು ಮಾಡಿದೆ ಎಂದು ಹೇಳಲೂ ಇಲ್ಲ.

"ಬಿಚ್ಚು ಅಂಗಿ" ಎಂದ.

"ಬಿಡು ಲ್ಯಾನ್ಸಿ, ನಾಡಿದ್ದು ವಿಮಾನ."

"ರೂಲ್ ಅಂದರೆ ರೂಲ್. ಇಷ್ಟು ವರ್ಷ ನಿನ್ನ ಹೆಂಡತಿ ಒಗೆಯಲಿಲ್ಲವಾ? ಕೊಡು."

ನನ್ನ ಹಸಿರಂಗಿ ಅವನ ಸೂಟ್‌ಕೇಸಿನಲ್ಲಿ ಊರಿಗೆ ಹೋಯಿತು. ನಾನು ಬನಿಯನ್ನಿನಲ್ಲಿ ಮನೆಗೆ ಬಂದೆ. ಶಶಿಕಲಾ ಬಕೆಟಿನಲ್ಲಿ ನೀರು ತುಂಬಿಸಿ, ಸೋಪಿನ ಪುಡಿ ಕಲಸಿ ಕಾಯುತ್ತಿದ್ದಳು. "ಎಲ್ಲಿ ಅಂಗಿ?"

"ಈ ಸಲ ಇಲ್ಲ. ನಾವು ಗೆದ್ದೆವು."

"ಅಯ್ಯೋ!" ಎಂದಳು, ಸೋತಾಗ ಒಮ್ಮೆಯೂ ಹಾಗೆ ಅಂದವಳಲ್ಲ. ಆಮೇಲೆ ಆ ನೀರನ್ನು ಚೆಲ್ಲಲಾರದೆ ಕಿಟಕಿಯ ಪರದೆಗಳನ್ನು ಬಿಚ್ಚಿ ತಂದು ಒಗೆದಳು.

ಲ್ಯಾನ್ಸಿ ಊರಿಗೆ ಮುಟ್ಟಿದ ವಾರದಲ್ಲೇ ಫೋನ್ ಮಾಡಿದ. ಅಂಗಿ ಒಗೆದು ಇಸ್ತ್ರಿ ಹಾಕಿ ಇಟ್ಟಿದ್ದಾನಂತೆ, ಯಾರಾದರೂ ಮಸ್ಕತ್ತಿಗೆ ಬರುವವರಿದ್ದರೆ ಹೇಳು ಎಂದ. ಬರುವವರಿಗೇನು ಬರಗಾಲ, ತಿಂಗಳಿಗಿಬ್ಬರು ಬರುತ್ತಾರೆ. ಅವನು ತಿಂಗಳಿಗೆರಡು ಸಲ ಕೇಳುತ್ತಾನೆ. ನಾನು ಒಮ್ಮೆ ಅವರ ಲಗೇಜು ಜಾಸ್ತಿ ಎನ್ನುತ್ತೇನೆ, ಇನ್ನೊಮ್ಮೆ ಅವರು ಮರೆಗುಳಿ, ಕಳೆದುಹಾಕಿಯಾರು ಎನ್ನುತ್ತೇನೆ. ಮೊನ್ನೆ ಅವನಿಗೂ ಸಂಶಯ ಬಂದಿರಬೇಕು. "ಎಂತ, ನಿನಗೆ ಅಂಗಿ ಬೇಡವಾ?" ಎಂದು ಕೇಳಿದ. ಬೇಕು, ಆದರೆ ಅವಸರವಿಲ್ಲ, ಅಲ್ಲೇ ಇರಲಿ ಎಂದೆ. "ಆಯಿತು, ಹಾಗಾದರೆ ಇಲ್ಲೇ ಇರಲಿ" ಎಂದ. ಅವನಿಗೂ ಮಾಸ್ತರರ ಮಾತು ನೆನಪಿದೆ. ಒಗೆದ ಅಂಗಿ ಕೈಗೆ ಸೇರುವ ತನಕ ಆಟ ಮುಗಿದ ಹಾಗಲ್ಲ.