ಮಗಳ ಕೋರ್ಟಿನಲ್ಲಿ ನನ್ನ ಮೀಸಲಾತಿ

ಕಾನೂನು ಓದುವ ಮಗಳಿಗೆ ಮೆಲ್ಬರ್ನ್‌ನಲ್ಲಿ ಅಣಕು ನ್ಯಾಯಾಲಯದ ಸ್ಪರ್ಧೆಯಿತ್ತು. ಸರ್ಕಾರ ಜನಾಂಗ ನೋಡಿ ಸವಲತ್ತು ಕೊಟ್ಟರೆ ಕೋರ್ಟು ಅದನ್ನು ರದ್ದು ಮಾಡಬಹುದೇ ಎಂಬುದು ವಿಷಯ. ಅವಳು ವಾದಿಸಬೇಕಿದ್ದದ್ದು ಸವಲತ್ತಿನ ವಿರುದ್ಧ. ಅಭ್ಯಾಸಕ್ಕೆಂದು ಸಿಡ್ನಿಯ ಕೆಲ್ಲಿವಿಲ್ ಬಡಾವಣೆಯ ನಮ್ಮ ಮನೆಯ ಡೈನಿಂಗ್ ಟೇಬಲ್ಲಿನ ತುದಿಯಲ್ಲಿ ನನ್ನನ್ನು ನ್ಯಾಯಾಧೀಶನಾಗಿ ಕೂರಿಸಿ, ತನ್ನಮ್ಮನ ಕಪ್ಪು ಶಾಲು ಹೊದಿಸಿದಳು.

ಅವಳು ನನ್ನನ್ನೇ ಆರಿಸಿದ್ದಕ್ಕೆ ಕಾರಣವಿತ್ತು. ಇಪ್ಪತ್ತು ವರ್ಷಗಳಿಂದ ಸಿಡ್ನಿಯ ಕನ್ನಡಿಗರ ಯಾವ ಪಾಟ್‌ಲಕ್ ಊಟದಲ್ಲೂ ಮೀಸಲಾತಿಯನ್ನು ಬೈಯದೆ ನಾನು ಕೈ ತೊಳೆದವನಲ್ಲ. ಮೆರಿಟ್ ಇದ್ದೂ ಮೈಸೂರಿನಲ್ಲಿ ನನಗೆ ಸೀಟು ತಪ್ಪಿದ ಕಥೆ ಅವಳಿಗೆ ಬಾಯಿಪಾಠ. ಅಪ್ಪ ತನ್ನ ಪರವೇ ತೀರ್ಪು ಕೊಡುತ್ತಾನೆಂದು ನಂಬಿದ್ದಳು, ಪಾಪ.

ಅವಳಿಗೆ ಗೊತ್ತಿಲ್ಲದ್ದು ಒಂದೇ. ನಾನು ಕೆಲಸ ಮಾಡುವ ಸರ್ಕಾರಿ ಇಲಾಖೆ, ಮೇಲಿನ ಹುದ್ದೆಗಳ ತರಬೇತಿಯಲ್ಲಿ ನಮ್ಮಂಥ ವಲಸಿಗರಿಗೆಂದೇ ಕೆಲವು ಜಾಗ ಎತ್ತಿಟ್ಟಿತ್ತು. ಹನ್ನೊಂದು ವರ್ಷ ಒಂದೇ ಕುರ್ಚಿಯಲ್ಲಿ ಕೂತು ನನಗೂ ಸಾಕಾಗಿತ್ತು. ಗುಟ್ಟಾಗಿ ಅರ್ಜಿ ಹಾಕಿದ್ದೆ.

“ಯುವರ್ ಆನರ್, ಸೇಮ್ ರೂಲ್ ಫಾರ್ ಎವ್ರಿಒನ್,” ಎಂದು ಮಗಳು ಶುರುಮಾಡಿದಳು.

ನನಗೆ ತಡೆಯಲಾಗಲಿಲ್ಲ. “ಅದ್ಹೇಗಮ್ಮ ಸೇಮ್ ಆಗತ್ತೆ? ಪ್ರಮೋಷನ್ ಇಂಟರ್‌ವ್ಯೂನಲ್ಲಿ ನಮ್ಮ ಆಕ್ಸೆಂಟ್ ಕೇಳಿದ ತಕ್ಷಣ ನಕ್ಕು ಕಳಿಸ್ತಾರಲ್ಲ, ಅದ್ಯಾವ ರೂಲ್?” ಶಾಲು ಜಾರಿದರೂ ಬಿಡದೆ ಟೇಬಲ್ ಗುದ್ದಿ, ಸವಲತ್ತು ಸಿಂಧು ಎಂದು ತೀರ್ಪು ಕೊಟ್ಟೆ.

ಮಗಳು ಕಣ್ಣು ಕಿರಿದಾಗಿಸಿದಳು. “ಅಪ್ಪಾ, ಹ್ಯಾವ್ ಯು ಅಪ್ಲೈಡ್ ಫಾರ್ ಸಮ್‌ಥಿಂಗ್?”

ಅರ್ಜಿ ಹಾಕಿದ್ದನ್ನು ಒಪ್ಪಿಕೊಂಡೆ. ಸ್ವಂತ ಲಾಭವಿರುವ ನ್ಯಾಯಾಧೀಶ ಪೀಠ ಬಿಟ್ಟು ಇಳಿಯಬೇಕಂತೆ, ಶಾಲು ಕಿತ್ತುಕೊಂಡಳು. ಹಾಗಾದರೆ ಮೈಸೂರಿನಲ್ಲಿ ಮೀಸಲಾತಿಯಿಂದ ಸೀಟು ಪಡೆದವರು ಮಾಡಿದ ತಪ್ಪೇನು ಎಂದೂ ಕೇಳಿದಳು. “ಅದು ಬೇರೆ, ಇದು ಬೇರೆ,” ಎಂದೆ.

ಮೆಲ್ಬರ್ನ್‌ನಲ್ಲಿ ಅವಳು ಸೋತಳು. ನನಗೆ ತರಬೇತಿಯಲ್ಲಿ ಜಾಗ ಸಿಕ್ಕಿತು.

ಆ ಶನಿವಾರ ಮಾರ್ಸ್ಡನ್ ಪಾರ್ಕ್ ಬಡಾವಣೆಯ ಗೆಳೆಯನ ಮನೆಯಲ್ಲಿ ಊಟ. ಎಲ್ಲರೆದುರು ಅವನು ನನ್ನ ಬೆನ್ನು ತಟ್ಟಿ, “ನೋಡ್ರಪ್ಪಾ, ಮೆರಿಟ್ ಅಂದ್ರೆ ಇದು!” ಎಂದ. ಮಗಳು ಎದುರಿಗೇ ತಟ್ಟೆ ಹಿಡಿದು ನಿಂತಿದ್ದಳು.

“ಕೋಟಾದಲ್ಲಿ ಸಿಕ್ಕಿದ್ದು ಕಣೋ,” ಎಂದೆ.

ಅವನು ಒಂದು ಕ್ಷಣವೂ ತಡವರಿಸಲಿಲ್ಲ. “ಅಯ್ಯೋ, ನಿಂದು ಬೇರೆ ಬಿಡೋ,” ಎಂದು ನನ್ನ ತಟ್ಟೆಗೆ ಇನ್ನೊಂದು ಹೋಳಿಗೆ ಹಾಕಿದ. ನನಗೆ ನಿಜಕ್ಕೂ ನಾಚಿಕೆಯಾಯಿತು. ಬೇರೆಯಲ್ಲ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಉಳಿದವರು ಮೀಸಲಾತಿಯನ್ನು ಬೈಯಲು ಶುರುಮಾಡಿದ್ದರು.