ಟ್ರೇಲರಿಗೊಂದು ವರಾನ್ವೇಷಣೆ

ನಾನು ಒಂದು ಕಾಲದಲ್ಲಿ ರೇಸ್ ಕಾರಿನ ಮಾಲೀಕನಾಗಿದ್ದೆ ಎಂದರೆ ಈಗ ನನ್ನ ಹೊಟ್ಟೆಯನ್ನು ನೋಡಿದವರು ನಂಬುವುದಿಲ್ಲ. ಆಗ ನೋಡಿದವರೂ ನಂಬುತ್ತಿರಲಿಲ್ಲ, ಏಕೆಂದರೆ ಹೊಟ್ಟೆ ಆಗಲೂ ಇತ್ತು. ಚೆನ್ನೈಯ ಅಂಬತ್ತೂರಿನ ಕಾರ್ಖಾನೆಯೊಂದರಲ್ಲಿ ಪಂಪುಗಳ ನಕ್ಷೆ ಬರೆಯುವುದು ನನ್ನ ಉದ್ಯೋಗ. ವಾರಕ್ಕೆ ಆರು ದಿನ ಪಂಪು, ಏಳನೆಯ ದಿನ ಹಿಂದಿನ ಬೀದಿಯ ಬಾಡಿಗೆ ಶೆಡ್ಡಿನಲ್ಲಿ ನನ್ನ ಕಾರು. ಗುಜರಿಗೆ ಬಿದ್ದಿದ್ದ ಪುಟ್ಟ ಕಾರೊಂದರ ಎಂಜಿನ್ನು, ಕೊಳವೆಗಳನ್ನು ಬೆಸೆದು ಮಾಡಿದ ಮೈ, ಒಬ್ಬನೇ ಕೂರುವಷ್ಟು ಜಾಗ, ತಲೆಯ ಮೇಲೆ ಆಕಾಶ. ಇಷ್ಟಕ್ಕೆ ಮೂರು ವರ್ಷ ಹಿಡಿಯಿತು. ನನ್ನ ಹೆಂಡತಿ ವೈದೇಹಿ ಶೆಡ್ಡಿನ ಕಡೆ ತಲೆ ಹಾಕಿದವಳಲ್ಲ. ಭಾನುವಾರ ಬೆಳಿಗ್ಗೆ ನಾನು ಚಪ್ಪಲಿ ಮೆಟ್ಟುವಾಗ "ಅದರ ಹತ್ರಾನೇ ಹೊರಟ್ರಾ?" ಎಂದು ಮಾತ್ರ ಕೇಳುತ್ತಿದ್ದಳು.

ರೇಸ್ ಕಾರಿನ ಒಂದು ವಿಚಿತ್ರ ನಿಮಗೆ ಹೇಳಬೇಕು. ಓಡುವುದಕ್ಕೆಂದೇ ಹುಟ್ಟಿದ ಈ ಕಾರು ಬೀದಿಯಲ್ಲಿ ಓಡುವಂತಿಲ್ಲ. ಅದಕ್ಕೆ ದೀಪವಿಲ್ಲ, ನಂಬರ್ ಪ್ಲೇಟಿಲ್ಲ, ಸದ್ದಡಗಿಸುವ ಸೈಲೆನ್ಸರಿಲ್ಲ. ನೆಲಕ್ಕೂ ಅದರ ಹೊಟ್ಟೆಗೂ ನಡುವೆ ನಾಲ್ಕು ಬೆರಳಿನ ಅಂತರ. ಚೆನ್ನೈಯ ಹಂಪು ಸಿಕ್ಕಿದರೆ ದಾಟುವುದಿಲ್ಲ, ಅಪ್ಪಿಕೊಂಡು ಕೂತುಬಿಡುತ್ತದೆ. ಹಾಗಾಗಿ ಅದನ್ನು ಹಸುಗೂಸಿನ ಹಾಗೆ ಹೊತ್ತುಕೊಂಡೇ ಟ್ರ್ಯಾಕಿಗೆ ಒಯ್ಯಬೇಕು. ನಮ್ಮ ವೆಲ್ಡರ್ ಹೇಗೋ ಒಂದು ಟ್ರೇಲರ್ ಮಾಡಿಕೊಟ್ಟ. ಇನ್ನು ಬೇಕಾಗಿದ್ದದ್ದು ಟ್ರೇಲರನ್ನು ಎಳೆಯುವ ಒಂದು ಗಾಡಿ.

ಟ್ರ್ಯಾಕ್ ಇರುವುದು ಶ್ರೀಪೆರಂಬುದೂರಿನ ದಾರಿಯಲ್ಲಿ. ಭಾನುವಾರ ರೇಸು, ಶನಿವಾರ ಸಂಜೆ ಆರರೊಳಗೆ ಕಾರನ್ನು ತಪಾಸಣೆಗೆ ಒಪ್ಪಿಸಬೇಕು, ಒಂದು ನಿಮಿಷ ತಡವಾದರೂ ಇಲ್ಲ. ನನಗೆ ನಲವತ್ತೆರಡು ತುಂಬಿತ್ತು, ಓದಲು ಕನ್ನಡಕ ಬಂದಿತ್ತು. ಈ ಸಲ ತಪ್ಪಿದರೆ ಜನ್ಮದಲ್ಲಿ ಮತ್ತೆ ಧೈರ್ಯ ಬರುವುದಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

ವಾಹನ ಆರಿಸುವ ವಿಷಯದಲ್ಲಿ ನಮ್ಮ ಪೂರ್ವಿಕರಿಂದ ಏನೂ ಸಹಾಯ ಸಿಗುವುದಿಲ್ಲ. ಗಣಪತಿಗೆ ಇಲಿಯನ್ನು ಗೊತ್ತು ಮಾಡಿದವರು ಅವರು. ಹೊರೆ ಎಷ್ಟು, ಹೊರುವವನ ತಾಕತ್ತು ಎಷ್ಟು ಎಂದು ಯಾರೂ ಕೇಳಿದಂತಿಲ್ಲ. ಶನಿಗೆ ಕಾಗೆ, ಸುಬ್ರಹ್ಮಣ್ಯನಿಗೆ ನವಿಲು. ನನ್ನ ಬುದ್ಧಿ ಪಂಪಿನ ಬುದ್ಧಿ. ನಾನು ಕಾಗದ ಹಾಸಿ, ಭಾರ, ಬ್ರೇಕು, ಕೊಕ್ಕೆಯ ಎತ್ತರ ಎಲ್ಲವನ್ನೂ ಬರೆದುಕೊಂಡು ವರಾನ್ವೇಷಣೆಗೆ ಹೊರಟೆ.

ಮೊದಲು ನೋಡಿದ್ದು ಮಾವನವರ ಹಳೆಯ ದೊಡ್ಡ ಕಾರು. ಕುಲ ಒಳ್ಳೆಯದು, ಮೈಕಟ್ಟೂ ಗಟ್ಟಿ. ಆದರೆ ಮಾವನವರು ಮೂರನೆಯ ಗೇರನ್ನು ಅಹಂಕಾರದ ಲಕ್ಷಣವೆಂದು ತಿಳಿದವರು. ಶುಕ್ರವಾರ ಹೊರಟರೆ ಸೋಮವಾರ ತಲುಪಬಹುದಿತ್ತು. ಆಮೇಲೆ ನಮ್ಮ ಬೀದಿಗೆ ಬರುವ ನೀರಿನ ಲಾರಿ. ಎಂಥ ಶಕ್ತಿ, ಎಂಥ ಗರ್ಜನೆ! ಆದರೆ ಅವು ನೀರಿಗೆ ಹಾಹಾಕಾರವಿದ್ದ ವರ್ಷಗಳು. ಲಾರಿಯ ಮೂಗು ಕಂಡರೆ ಸಾಕು, ಬೀದಿಬೀದಿಯ ಹೆಂಗಸರು ಪ್ಲಾಸ್ಟಿಕ್ ಕೊಡ ಹಿಡಿದು ಅಡ್ಡ ನಿಲ್ಲುತ್ತಿದ್ದರು. ನನ್ನ ಕಾರು ಕೊಡಗಳ ಸಾಲಿನಲ್ಲಿ ಕೊನೆಯದಾಗಿ ನಿಂತಿರುವ ಚಿತ್ರ ಕಣ್ಣ ಮುಂದೆ ಬಂದು, ಆ ಸಂಬಂಧವನ್ನೂ ಕೈಬಿಟ್ಟೆ.

ಕೊನೆಗೆ ಬಾಡಿಗೆ ಜೀಪು ಕೇಳಲು ಹೋದರೆ ಟ್ರಾವೆಲ್ಸಿನವನು ನಕ್ಕ. ಅದು ಸಂಕ್ರಾಂತಿಯಿಂದ ಶುರುವಾಗುವ ತೈ ತಿಂಗಳು. ತೈ ಹುಟ್ಟಿದರೆ ದಾರಿ ಹುಟ್ಟುತ್ತದೆ ಎಂದು ತಮಿಳರಲ್ಲಿ ಗಾದೆಯೇ ಇದೆ. ದಾರಿಯೇನೋ ಹುಟ್ಟುತ್ತದೆ, ಗಾಡಿಗಳು ಮಾಯವಾಗುತ್ತವೆ. ಆ ಭಾನುವಾರ ದೊಡ್ಡ ಮುಹೂರ್ತ; ಊರಿನ ಜೀಪು, ವ್ಯಾನು, ಟೆಂಪೋ ಎಲ್ಲವೂ ಮದುವೆ ದಿಬ್ಬಣಕ್ಕೆ ಗೊತ್ತಾಗಿದ್ದವು. "ಪಂಚಾಂಗ ನೋಡದೆ ಯಾರಾದ್ರೂ ಪ್ರಯಾಣ ಇಟ್ಕೋತಾರಾ?" ಎಂದಳು ವೈದೇಹಿ. ರೇಸು ಇಟ್ಟವನು ನಾನಲ್ಲ ಎಂದರೂ ಅವಳು ಒಪ್ಪಲಿಲ್ಲ.

ಆಗ ಒದಗಿದವನು ಶೀನಣ್ಣ. ಊರಿನಲ್ಲೇ ಉಳಿದಿದ್ದ ನನ್ನ ದೊಡ್ಡಪ್ಪನ ಮಗ. ಕುಂದಾಪುರದ ಕಡೆಯಿಂದ ಬಂದು ಪುರಸೈವಾಕ್ಕಂನಲ್ಲಿ ಹೋಟೆಲು ಇಟ್ಟವನು. ಮದುವೆಗಳಿಗೆ ಅಡುಗೆಯನ್ನೂ ಒಪ್ಪಿಕೊಳ್ಳುತ್ತಾನೆ. ಅವನ ಹತ್ತಿರ ಒಂದು ವ್ಯಾನಿದೆ.

"ಹ್ವಾಯ್, ಅದ್ಕೆಂತ ಚಿಂತಿ?" ಎಂದ ಶೀನಣ್ಣ. "ಶನಿವಾರ ನನ್ ವ್ಯಾನ್ ಪೂನಮಲ್ಲಿಗೆ ಮದಿ ಮನಿ ಅಡ್ಗಿ ಹೊತ್ಕಂಡ್ ಹೋತ್. ನಿನ್ ಟ್ರೇಲರ್ ಹಿಂದ್ ಕಟ್ಟುವ. ಪಾತ್ರಿ ಇಳ್ಸಿ ಸೀದಾ ಟ್ರ್ಯಾಕಿಗ್ ಹೋಪ."

ನಾನು ಕಾಗದ ತೆಗೆದು ಲೆಕ್ಕ ಹಾಕಿದೆ. ನಾಲ್ಕು ಅಂಡೆ ಸಾಂಬಾರು ಹೊತ್ತು ತೊಟ್ಟು ಚೆಲ್ಲದೆ ಸಾಗುವ ವ್ಯಾನಿಗಿಂತ ನಯವಾದ ಎಳೆತ ಎಲ್ಲಿ ಸಿಗಬೇಕು? ಬ್ರೇಕು ಚೆನ್ನಾಗಿತ್ತು, ಕೊಕ್ಕೆ ಸರಿಯಾದ ಎತ್ತರದಲ್ಲಿತ್ತು, ಪೂನಮಲ್ಲಿ ಟ್ರ್ಯಾಕಿನ ದಾರಿಯಲ್ಲೇ ಇತ್ತು. ಜಾತಕ ಇಷ್ಟು ಕೂಡಿಬಂದದ್ದು ನನ್ನ ಮದುವೆಯಲ್ಲೂ ಇಲ್ಲ.

ಶನಿವಾರ ಮಧ್ಯಾಹ್ನ ಮೂರೂವರೆಗೆ ಮಂಡಪ ತಲುಪಿದೆವು. ಮುಂದೆ ಶೀನಣ್ಣ, ವೈದೇಹಿ, ನಾನು; ನಡುವೆ ಬೋಂಡ, ಕೇಸರಿಬಾತು; ಹಿಂದೆ ಕೆಂಪು ಬಣ್ಣ ಬಳಿದುಕೊಂಡು ಮಿಂಚುವ ನನ್ನ ಕಾರು. ವೈದೇಹಿ ಬಂದದ್ದು ರೇಸಿಗಲ್ಲ, ಮದುವೆಗೆ. ಹುಡುಗಿಯ ಮನೆಯವರು ಅವಳಿಗೆ ದೂರದ ನೆಂಟರು, ನಮ್ಮ ಹಾಗೆಯೇ ಮೂರು ತಲೆಮಾರಿನಿಂದ ಮದರಾಸಿನಲ್ಲಿ ಬೇರು ಬಿಟ್ಟ ಕನ್ನಡದವರು.

ಇಂಥ ಮನೆಗಳಲ್ಲಿ ಕನ್ನಡದ ಮದುವೆಗೆ ತಮಿಳಿನ ಜಾನವಾಸ ಅಂಟಿಕೊಂಡಿದೆ. ಮದುವೆಯ ಹಿಂದಿನ ಸಂಜೆ ವರನಿಗೆ ಸೂಟು ತೊಡಿಸಿ, ತೆರೆದ ಕಾರಿನಲ್ಲಿ ಕೂರಿಸಿ, ನಾದಸ್ವರದೊಂದಿಗೆ ಬೀದಿ ಸುತ್ತಿಸುವ ಮೆರವಣಿಗೆ. ಮೈಸೂರಿನ ನೆಂಟರು ಇದನ್ನು ಕಂಡು ಬೆರಗಾಗುತ್ತಾರೆ. ನಮ್ಮವರಿಗೋ, ತಾಳಿ ಒಂದು ಗಳಿಗೆ ತಡವಾದರೂ ನಡೆದೀತು, ಜಾನವಾಸ ಇಲ್ಲದೆ ನಡೆಯದು. ಅಂದು ತೆರೆದ ಕಾರು ಬರಲಿಲ್ಲ. ಒಂದೇ ಕಾರನ್ನು ಇಬ್ಬರು ವರರಿಗೆ ಒಪ್ಪಿಕೊಂಡಿದ್ದ ಅದರ ಯಜಮಾನ ಇನ್ನೊಬ್ಬನ ಕಡೆ ಹೋಗಿಬಿಟ್ಟಿದ್ದ. ಹುಡುಗಿಯ ಅಪ್ಪ ಬಾಗಿಲಲ್ಲಿ ಕೈ ಹಿಸುಕಿಕೊಳ್ಳುತ್ತಿದ್ದರು. ನಾನು ಪಾತ್ರೆ ಇಳಿಸಿ ತಿರುಗುವಷ್ಟರಲ್ಲಿ ಎಲ್ಲರ ಕಣ್ಣೂ ನನ್ನ ಟ್ರೇಲರಿನ ಮೇಲೆ ನೆಟ್ಟಿದ್ದವು.

"ಮಾತ್ ಕೊಟ್ಟಾಯ್ತ್ ಮಾರಾಯಾ," ಎಂದ ಶೀನಣ್ಣ. "ಮದಿ ಮನ್ಯಂಗೆ ಗಂಡಿನ್ ಮೊಕ ಬಾಡುಕಾಗ. ಎರಡ್ ಬೀದಿ, ಹತ್ ನಿಮ್ಷ."

ಸಾಧ್ಯವೇ ಇಲ್ಲ ಎಂದು ಕೂಗಾಡಿದೆ. ನಿಜವಾಗಿ ಕೂಗಾಡಿದೆ, ಬೋಂಡ ತಿನ್ನುತ್ತಿದ್ದವರು ತಿನ್ನುವುದನ್ನು ನಿಲ್ಲಿಸಿದರು. ಅಷ್ಟರಲ್ಲಿ ಸೂಟಿನ ವರ ಸದ್ದಿಲ್ಲದೆ ಬಂದು ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಬಗ್ಗಿ ಎಂಜಿನ್ನು ನೋಡಿ, ಮೆಲ್ಲಗೆ ತಮಿಳಿನಲ್ಲಿ ಕೇಳಿದ: "ಗೇರ್ ರೇಷಿಯೋ ಎನ್ನ ಸಾರ್?"

ಮೂರು ವರ್ಷದಲ್ಲಿ ಈ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ನಾನು ಉತ್ತರ ಹೇಳತೊಡಗಿದೆ. ಉತ್ತರ ಮುಗಿದಾಗ ನಾನೇ ಅವನ ಮೊಣಕೈ ಹಿಡಿದು ಸೀಟಿಗೆ ಹತ್ತಿಸುತ್ತಿದ್ದೆ.

ಆ ಸೀಟು ನನ್ನ ಅಳತೆಯದು, ಆದರೂ ಹಾರ ಹಾಕಿಕೊಂಡ ವರ ಹಿಡಿಸಲಿಲ್ಲ. ಸ್ಟಿಯರಿಂಗ್ ಬಿಚ್ಚಬೇಕಾಯಿತು. ಅದನ್ನು ವೈದೇಹಿಯ ಕೈಗೆ ಕೊಟ್ಟೆ. ಮುಂದೆ ನಾದಸ್ವರ, ಅದರ ಹಿಂದೆ ಬೋಂಡದ ಪರಿಮಳ ಬೀರುವ ವ್ಯಾನು, ಅದರ ಹಿಂದೆ ಟ್ರೇಲರಿನ ಮೇಲೆ ಎತ್ತರದಲ್ಲಿ ವರ. ಆ ಕಡೆ ನಾನು, ಈ ಕಡೆ ರೇಷ್ಮೆ ಸೀರೆಯುಟ್ಟು, ಸ್ಟಿಯರಿಂಗನ್ನು ಆರತಿ ತಟ್ಟೆಯ ಹಾಗೆ ಹಿಡಿದು ನಡೆಯುವ ವೈದೇಹಿ. ಕಾರು ಓಡಿಸುವವಳು ಇವಳೇನಾ ಎಂದು ಒಬ್ಬ ಅಜ್ಜಿ ಕೇಳಿದರೆ, ಹೌದು ಎಂದುಬಿಟ್ಟಳು! ನಾದಸ್ವರದವರಿಗೆ ಪ್ರತಿ ತಿರುವಿನಲ್ಲೂ ರಾಗ ವಿಸ್ತರಿಸುವ ಹುರುಪು. ಐದು ಗಂಟೆ, ಐದೂಕಾಲು, ಐದೂವರೆ. ಮೊದಲು ನಿಮಿಷಕ್ಕೊಮ್ಮೆ ಗಡಿಯಾರ ನೋಡುತ್ತಿದ್ದೆ. ಆಮೇಲೆ ಮಹಡಿಯ ಮೇಲಿನವರು ಕೈ ಬೀಸಿದರೆ ನಾನೂ ಬೀಸತೊಡಗಿದೆ. ಎದುರಿಗೆ ನೋಡಿದರೆ ವೈದೇಹಿ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಳು. ನನಗೂ ನಗು ತಡೆಯಲಾಗಲಿಲ್ಲ. ಎರಡು ಬೀದಿ ಎಂದದ್ದು ಐದು ಬೀದಿಯಾಯಿತು. ಕೊನೆಗೆ ಸೀಟಿಗೆ ಸಿಕ್ಕಿಕೊಂಡ ವರನನ್ನು ನಾಲ್ಕು ಜನ ಸೇರಿ ಎಳೆಯಬೇಕಾಯಿತು.

ಟ್ರ್ಯಾಕ್ ತಲುಪಿದಾಗ ಏಳಾಗಿತ್ತು. ತಪಾಸಣೆಯವರು ಮೇಜು ಮಡಚಿಟ್ಟಿದ್ದರು. ಅಧಿಕಾರಿ ಒಳ್ಳೆಯವರು, ಸೀಟಿನ ಮೇಲಿದ್ದ ಗುಲಾಬಿ ಎಸಳುಗಳನ್ನು ಮರುಕದಿಂದ ನೋಡಿ, ನಾಳೆ ರೇಸು ನೋಡಲು ಬನ್ನಿ ಎಂದರು. ಸುಳ್ಳು ಏಕೆ ಹೇಳಲಿ, ನನಗೆ ಅಳು ಬಂತು. ಶೀನಣ್ಣ ವ್ಯಾನು ತಿರುಗಿಸಿದ. ಬೆಳಗಿನ ಕಾಫಿಗೆ ಹಾಲು ಕಾಯಿಸಬೇಕಾಗಿತ್ತು, ವ್ಯಾನು ಮಂಡಪಕ್ಕೇ ಹೋಗಬೇಕಾಗಿತ್ತು. ಹಿಂದೆ ಕಟ್ಟಿದ್ದರಿಂದ ನಾವೂ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುತ್ತಾರಲ್ಲ, ಆ ಕೋಣನದೇನೂ ತಪ್ಪಿಲ್ಲ. ಕೊಕ್ಕೆ, ಬ್ರೇಕು, ಭಾರ ಎಲ್ಲವನ್ನೂ ಅಳೆದ ನಾನು, ಎಳೆಯುವವನ ಮನಸ್ಸು ಎಲ್ಲಿದೆ ಎಂದು ಮಾತ್ರ ಕೇಳಿರಲಿಲ್ಲ.

ಮರುದಿನ, ಅತ್ತ ರೇಸು ಶುರುವಾಗುವ ಹೊತ್ತಿಗೆ, ನಾನು ಎಲೆಯ ಮುಂದೆ ಕುಳಿತಿದ್ದೆ. ವೈದೇಹಿ ಪಕ್ಕದಲ್ಲಿದ್ದಳು. ಹೊಸ ದಂಪತಿಗಳು ಪಂಕ್ತಿಯಲ್ಲಿ ಉಪಚಾರ ಹೇಳುತ್ತಾ ಬಂದರು. ವರ ನನ್ನನ್ನು ತೋರಿಸಿ ಹೆಂಡತಿಯ ಕಿವಿಯಲ್ಲಿ ಏನೋ ಹೇಳಿದ. ಆ ಹುಡುಗಿಯ ಮುಖ ಅರಳಿತು.

"ಮಾಮಾ, ನಿಮ್ಮ ಕಾರು ನಿಜವಾಗ್ಲೂ ಎಷ್ಟು ಸ್ಪೀಡ್ ಹೋಗತ್ತೆ?"

ನನ್ನ ಬಾಯಿ ತುಂಬ ಹೋಳಿಗೆ. ಅದನ್ನು ಓಡಿಸಿ ನೋಡಿದ್ದೂ ಇಲ್ಲ. ವೈದೇಹಿ ಎಲೆಯಿಂದ ತಲೆ ಎತ್ತದೆ ಹೇಳಿದಳು:

"ನಾವಿಬ್ರೂ ಜೊತೇಲಿ ನಡ್ಕೊಂಡು ಹೋಗೋವಷ್ಟು."